ಹಿಮದ ನಾಡಲ್ಲಿ ಐದು ತಿಂಗಳು ನಿಲ್ಲುವ ಬೈಕ್: ತಪ್ಪು ಕಲ್ಪನೆ ಮತ್ತು ವಾಸ್ತವ

ಟೊರಾಂಟೊ, ಮಿನಿಯಾಪೊಲಿಸ್, ಮ್ಯೂನಿಕ್‌ನಂಥ ಊರುಗಳಿಗೆ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡಿಗರಲ್ಲಿ ಬೈಕ್ ಹುಚ್ಚಿನವರು ಕಡಿಮೆಯೇನಿಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಗಾಡಿ ಓಡಿಸಿ ರೂಢಿಯಾದವರಿಗೆ ಅಲ್ಲಿ ಹೊಸದೊಂದು ಪ್ರಶ್ನೆ ಎದುರಾಗುತ್ತದೆ: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇದನ್ನು ಏನು ಮಾಡುವುದು? ಊರಲ್ಲಿ ಯಾರೂ ಬೈಕನ್ನು ಐದು ತಿಂಗಳು ನಿಲ್ಲಿಸಿಡುವುದಿಲ್ಲ, ಹಾಗಾಗಿ ಅಪ್ಪನಿಂದಲೋ ಮೆಕ್ಯಾನಿಕ್‌ನಿಂದಲೋ ಕಲಿತು ಬಂದ ವಿದ್ಯೆ ಇಲ್ಲಿ ಕೈಕೊಡುತ್ತದೆ. ಅಕ್ಕಪಕ್ಕದವರು ಹೇಳಿಕೊಡುವುದರಲ್ಲೂ ಅರ್ಧ ಸರಿ, ಅರ್ಧ ಹಳೆಯ ಕಾಲದ ಮಾತು.

ಬೈಕ್ ಹಾಳಾಗುವುದು ಬರೀ ಚಳಿಯಿಂದ ಅಲ್ಲ. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸುವಾಗ ಒಳಗೆ ಏನೇನು ಬಿಟ್ಟಿರುತ್ತೇವೋ ಅದರಿಂದ. ನೀರಿನಂಶ, ಹಳಸಿದ ಪೆಟ್ರೋಲ್, ಆಮ್ಲ ಸೇರಿದ ಆಯಿಲ್, ಅರ್ಧ ಚಾರ್ಜ್ ಆದ ಬ್ಯಾಟರಿ ಒಳಗೇ ಉಳಿದರೆ ಐದು ತಿಂಗಳಲ್ಲಿ ತಮ್ಮ ಕೆಲಸ ಮಾಡಿಯೇ ಮಾಡುತ್ತವೆ. ಇವನ್ನೆಲ್ಲ ಸರಿಪಡಿಸಿ ನಿಲ್ಲಿಸಲು ಒಂದು ಶನಿವಾರದ ಮಧ್ಯಾಹ್ನ ಸಾಕು.

ತಪ್ಪು ಕಲ್ಪನೆ: ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟರೆ ಎಂಜಿನ್ ಚೆನ್ನಾಗಿರುತ್ತದೆ

ನಮ್ಮೂರಿನಿಂದ ವಿಮಾನ ಹತ್ತಿ ಬಂದ ನಂಬಿಕೆ ಇದು. ಮಗ ಪರದೇಶಕ್ಕೆ ಹೊರಟಾಗ ತಮ್ಮನಿಗೋ ಪಕ್ಕದ ಮನೆಯವರಿಗೋ ಕೀಲಿ ಕೊಟ್ಟು "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಇಡಪ್ಪ" ಅಂತ ಹೇಳಿ ಬರುವುದು ವಾಡಿಕೆ. ಬೆಂಗಳೂರಿನ ಹವೆಯಲ್ಲಿ ಇದರಿಂದ ದೊಡ್ಡ ಅನಾಹುತವೇನೂ ಆಗದು. ಹೊರಗೆ ಮೈನಸ್ 15 ಡಿಗ್ರಿ ಇರುವಾಗ ಮಾತ್ರ ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದನ್ನೇ ಮಾಡಿದಂತಾಗುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್‌ನಷ್ಟು ನೀರು ಹುಟ್ಟುತ್ತದೆ. ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರಿದರೆ ಆಗುವುದೇ ಅದು. ಎಂಜಿನ್ ಬಿಸಿಯಾಗಿ ಓಡುತ್ತಿದ್ದರೆ ಈ ನೀರು ಆವಿಯಾಗಿ ಸೈಲೆನ್ಸರ್ ದಾಟಿ ಹೋಗುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ. ತಣ್ಣಗಿನ ಎಂಜಿನ್ ಐದು ನಿಮಿಷ ಗುಡುಗುಟ್ಟಿ ನಿಂತರೆ ಆವಿ ಸೈಲೆನ್ಸರ್‌ನ ಒಳಗೋಡೆಗೆ ತಾಗಿ ಮತ್ತೆ ನೀರಾಗುತ್ತದೆ, ಅಲ್ಲೇ ನಿಂತು ತುಕ್ಕು ಹಿಡಿಸುತ್ತದೆ. ಇನ್ನೊಂದಿಷ್ಟು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಹೀಗೆ ಆರೆಂಟು ವಾರ ಮಾಡಿದ ಗಾಡಿಯ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು ನೋಡಿ. ಅದರ ಒಳಬದಿಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ, ಬೆರಳಿಗೆ ಅಂಟುವ ನೊರೆ ಮೆತ್ತಿಕೊಂಡಿರುತ್ತದೆ. ಆಯಿಲೂ ನೀರೂ ಕಲೆತದ್ದು ಅದು. ಬೇರಿಂಗ್‌ಗಳಿಗೆ ಆ ಚಳಿಗಾಲವೆಲ್ಲ ಸಿಗುವುದು ಅದರದ್ದೇ ರಕ್ಷಣೆ.

ಬ್ಯಾಟರಿಗೂ ಲಾಭವಿಲ್ಲ. ಗಟ್ಟಿಯಾದ ಆಯಿಲ್‌ನಲ್ಲಿ ಎಂಜಿನ್ ತಿರುಗಿಸಲು ಸ್ಟಾರ್ಟರ್ ಎಳೆದುಕೊಂಡ ಕರೆಂಟನ್ನು ಐಡಲ್‌ನಲ್ಲಿ ಓಡುವ ಎಂಜಿನ್ ಐದು ನಿಮಿಷದಲ್ಲಿ ವಾಪಸು ತುಂಬಲಾರದು. ಪ್ರತಿ ವಾರ ಸ್ವಲ್ಪ ಸ್ವಲ್ಪವೇ ಸಾಲ ಏರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಆ ದೇಶಗಳಲ್ಲಿ ಗ್ಯಾರೇಜ್ ಬಹುಮಟ್ಟಿಗೆ ಮನೆಗೆ ಅಂಟಿಕೊಂಡಿರುತ್ತದೆ. ಹೊರಗೆ ಚಳಿಯೆಂದು ಬಾಗಿಲು ಹಾಕಿಯೋ ಅರ್ಧ ತೆರೆದೋ ಎಂಜಿನ್ ಓಡಿಸಿದರೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಸೇರುತ್ತದೆ. ಪ್ರಾಣಕ್ಕೇ ಕುತ್ತು. ಓಡಿಸುವುದಾದರೆ ರಸ್ತೆಗೆ ತೆಗೆದು ಅರ್ಧ ಗಂಟೆಯಾದರೂ ಓಡಿಸಿ ಎಂಜಿನ್, ಆಯಿಲ್ ಎರಡೂ ಪೂರ್ತಿ ಬಿಸಿಯಾಗಬೇಕು. ಅದಾಗದಿದ್ದರೆ ವಸಂತ ಬರುವತನಕ ಕೀಲಿ ಮುಟ್ಟಲೇಬೇಡಿ.

ತಪ್ಪು ಕಲ್ಪನೆ: ಚಳಿಗೆ ಬ್ಯಾಟರಿ ಸಾಯುತ್ತದೆ, ಮನೆಯೊಳಗೆ ತಂದಿಟ್ಟರೆ ಉಳಿಯುತ್ತದೆ

ಲೆಡ್ ಆಸಿಡ್ ಬ್ಯಾಟರಿ ತಾನಾಗಿಯೇ ಚಾರ್ಜ್ ಕಳೆದುಕೊಳ್ಳುವುದು ಸೆಕೆಯಲ್ಲಿ ಹೆಚ್ಚು, ಚಳಿಯಲ್ಲಿ ಕಡಿಮೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಳಗಿನ ಆಮ್ಲ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಅದೇ ಬ್ಯಾಟರಿ ಖಾಲಿಯಾಗಿದ್ದರೆ ಆಮ್ಲವೆಲ್ಲ ಪ್ಲೇಟುಗಳಿಗೆ ಸೇರಿಹೋಗಿ ಉಳಿಯುವುದು ಹೆಚ್ಚು ಕಡಿಮೆ ನೀರೇ; ಮೈನಸ್ 7–8 ಡಿಗ್ರಿಗೇ ಅದು ಗಡ್ಡೆಕಟ್ಟಿ ಪ್ಲೇಟುಗಳನ್ನು ಬಾಗಿಸುತ್ತದೆ, ಡಬ್ಬಿಯನ್ನೇ ಸೀಳಬಹುದು. ಖಾಲಿ ಬ್ಯಾಟರಿಯನ್ನು ಬೆಚ್ಚಗಿನ ಕೋಣೆಗೆ ತಂದಿಟ್ಟರೂ ಬದುಕುವುದಿಲ್ಲ. ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತ ಹೋಗುತ್ತದೆ, ಕೆಲವೇ ತಿಂಗಳಲ್ಲಿ ಅದು ಮತ್ತೆ ಕರಗದ ಹಂತ ಮುಟ್ಟುತ್ತದೆ.

ಆದ್ದರಿಂದ ಬ್ಯಾಟರಿ ಎಲ್ಲಿರಬೇಕು ಎನ್ನುವುದಕ್ಕಿಂತ ಎಷ್ಟು ತುಂಬಿದೆ ಎಂದು ನೋಡುವುದು ಮುಖ್ಯ. ಗಾಡಿ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ತುಂಬಿದೆ. 12.4ಕ್ಕೆ ಇಳಿದಿದ್ದರೆ ಚಾರ್ಜ್ ಮಾಡಬೇಕು. 12ಕ್ಕಿಂತ ಕೆಳಗಿದ್ದರೆ ಖಾಲಿ ಎಂದೇ ಲೆಕ್ಕ. ಬ್ಯಾಟರಿಯನ್ನು ಬೈಕ್‌ನಲ್ಲೇ ಬಿಡುವುದಾದರೆ ಅದರ ಸಂಪರ್ಕ ತೆಗೆಯಬೇಕು, ಇಲ್ಲವೇ ಚಾರ್ಜರ್ ಹಾಕಿಡಬೇಕು. ಕೀಲಿ ತೆಗೆದ ಮೇಲೂ ಗಡಿಯಾರ, ಅಲಾರಂ, ಎಂಜಿನ್‌ನ ಕಂಪ್ಯೂಟರ್ ಹನಿ ಹನಿಯಾಗಿ ಕರೆಂಟ್ ಎಳೆಯುತ್ತಲೇ ಇರುತ್ತವೆ.

ತೆಗೆಯುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಈ ಕ್ರಮಕ್ಕೆ ಕಾರಣ ಬೈಕ್‌ನ ಚಾಸಿಯೇ ನೆಗೆಟಿವ್ ಆಗಿರುವುದು. ನೆಗೆಟಿವ್ ಇನ್ನೂ ಜೋಡಿಸಿರುವಾಗ ಪಾಸಿಟಿವ್ ಬೋಲ್ಟಿನ ಮೇಲಿರುವ ಸ್ಪ್ಯಾನರ್ ಜಾರಿ ಚಾಸಿಗೆ ತಾಗಿದರೆ ಕಿಡಿ ಹಾರುತ್ತದೆ, ಸ್ಪ್ಯಾನರ್ ಕೈ ಸುಡುವಷ್ಟು ಕಾಯುತ್ತದೆ. ಮತ್ತೆ ಜೋಡಿಸುವಾಗ ಇದರ ತಿರುವುಮುರುವು.

ಚಾರ್ಜರ್ ಕೊಳ್ಳುವಾಗ ಕಾಸು ಉಳಿಸಬೇಡಿ ಎಂಬುದು ನನ್ನ ಗಟ್ಟಿಯಾದ ಸಲಹೆ. ಅಗ್ಗದ ಹಳೆಯ ಮಾದರಿಯ ಟ್ರಿಕಲ್ ಚಾರ್ಜರ್ ಬ್ಯಾಟರಿ ತುಂಬಿದ ಮೇಲೂ ತಳ್ಳುತ್ತಲೇ ಇರುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಒಣಗುತ್ತದೆ. ವೋಲ್ಟೇಜ್ ನೋಡಿಕೊಂಡು ತಾನೇ ತಗ್ಗುವ ಮೇಂಟೇನರ್ ಬೇಕು. ಬೈಕ್‌ನಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ಲಿಥಿಯಂಗೆಂದೇ ಮಾಡಿದ ಚಾರ್ಜರ್ ಬೇಕು, ಅದೂ ಶೂನ್ಯ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಲೇಬಾರದು. ಅಂಥ ಬ್ಯಾಟರಿಯನ್ನು ಮಾತ್ರ ಒಳಗೆ ತಂದು ಚಾರ್ಜ್ ಮಾಡುವುದಕ್ಕೆ ಅರ್ಥವಿದೆ.

ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿದುಹೋಗುತ್ತದೆ ಎಂಬ ಮಾತು ಮರದ, ರಬ್ಬರಿನ ಡಬ್ಬಿಗಳ ಕಾಲದ್ದು. ಇಂದಿನ ಪ್ಲಾಸ್ಟಿಕ್ ಡಬ್ಬಿಗೆ ಆ ಭಯ ಬೇಡ.

ತಪ್ಪು ಕಲ್ಪನೆ: ಪೆಟ್ರೋಲ್ ಹಳಸುತ್ತದೆ, ಆದ್ದರಿಂದ ಟ್ಯಾಂಕ್ ಖಾಲಿ ಮಾಡಿ ನಿಲ್ಲಿಸಬೇಕು

ಪೆಟ್ರೋಲ್ ಹಳಸುವುದು ನಿಜ. ಆದರೆ ಖಾಲಿ ಕಬ್ಬಿಣದ ಟ್ಯಾಂಕ್ ಎಂದರೆ ತುಂಬ ಗಾಳಿ. ಹಗಲು ಬಿಸಿಯಾಗಿ ರಾತ್ರಿ ತಣ್ಣಗಾಗುವಾಗ ಟ್ಯಾಂಕ್ ಉಸಿರಾಡುತ್ತದೆ: ಮುಚ್ಚಳದ ಸಣ್ಣ ತೂತಿನಿಂದ ಹೊರಗಿನ ತೇವದ ಗಾಳಿ ಎಳೆದುಕೊಳ್ಳುತ್ತದೆ, ಆ ತೇವ ಒಳಗೋಡೆಯ ಮೇಲೆ ಹನಿಗಟ್ಟುತ್ತದೆ. ಪೆಟ್ರೋಲಿನ ಹೊದಿಕೆಯಿಲ್ಲದ ಬರಿಯ ಕಬ್ಬಿಣಕ್ಕೆ ತುಕ್ಕು ಹತ್ತಲು ಅಷ್ಟು ಸಾಕು. ವಸಂತದಲ್ಲಿ ಮುಚ್ಚಳ ತೆರೆದು ಟಾರ್ಚ್ ಬಿಟ್ಟರೆ ಕೇಸರಿ ಪುಡಿ ಕಾಣುತ್ತದೆ, ಅದು ಫಿಲ್ಟರ್‌ಗೂ ಪಂಪ್‌ಗೂ ಇಳಿಯುತ್ತದೆ. ಬಹುತೇಕರಿಗೆ ಸರಿಯಾದದ್ದು ಟ್ಯಾಂಕ್ ತುಂಬಿಸಿ ನಿಲ್ಲಿಸುವುದು. ಗಂಟಲಿನವರೆಗೆ ಸುರಿಯದೆ, ಹಿಗ್ಗಲು ಸ್ವಲ್ಪ ಜಾಗ ಬಿಡಿ.

ಇಲ್ಲಿ ಎಥನಾಲ್ ವಿಷಯವನ್ನು ತಿಳಿದುಕೊಳ್ಳಲೇಬೇಕು. ಅಮೆರಿಕ, ಕೆನಡಾ, ಜರ್ಮನಿಗಳ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ಗೆ ನೀರಿನ ಮೇಲೆ ಬಲು ಮೋಹ, ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಶೇ 10 ಎಥನಾಲ್ ಇರುವ ಪೆಟ್ರೋಲ್ 15 ಡಿಗ್ರಿಯಲ್ಲಿ ಸುಮಾರು ಶೇ 0.5ರಷ್ಟು ನೀರನ್ನು ತನ್ನೊಳಗೆ ಕರಗಿಸಿ ಇಟ್ಟುಕೊಳ್ಳಬಲ್ಲದು, ಅಂದರೆ 15 ಲೀಟರ್ ಟ್ಯಾಂಕ್‌ನಲ್ಲಿ 75 ಮಿಲಿಲೀಟರ್. ಚಳಿ ಏರಿದಂತೆ ಈ ಶಕ್ತಿ ಇನ್ನೂ ತಗ್ಗುತ್ತದೆ. ಮಿತಿ ದಾಟಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪಂಪ್ ಎಳೆದುಕೊಳ್ಳುವುದು ತಳದಿಂದಲೇ. ತುಂಬಿದ ಟ್ಯಾಂಕ್‌ನಲ್ಲಿ ಗಾಳಿಯೇ ಕಡಿಮೆ, ಹಾಗಾಗಿ ಒಳಬರುವ ತೇವವೂ ಕಡಿಮೆ. ಕೆಲವು ಬಂಕ್‌ಗಳಲ್ಲಿ ಎಥನಾಲ್ ಇಲ್ಲದ ಪೆಟ್ರೋಲ್ ಸಿಗುತ್ತದೆ. ಕೊನೆಯ ಟ್ಯಾಂಕಿಗಾದರೂ ಅದನ್ನು ಹುಡುಕಿಕೊಂಡು ಹೋಗುವುದು ಸಾರ್ಥಕ.

ಸ್ಟೆಬಿಲೈಸರ್ ಹಾಕುವ ಕ್ರಮದಲ್ಲೂ ಎಡವುತ್ತಾರೆ. ಹೊಸ ಪೆಟ್ರೋಲ್‌ಗೆ ಹಾಕಿದರೆ ಅದು ಹಳಸುವುದನ್ನು ತಡೆಯುತ್ತದೆ, ಹಳಸಿದ್ದನ್ನು ಸರಿಮಾಡುವ ಶಕ್ತಿ ಅದಕ್ಕಿಲ್ಲ. ಏಪ್ರಿಲ್‌ನಲ್ಲಿ ಸುರಿದು ಪ್ರಯೋಜನವಿಲ್ಲ. ಹಾಕಿದ ಮೇಲೆ ಹತ್ತಿಪ್ಪತ್ತು ನಿಮಿಷ ಗಾಡಿ ಓಡಿಸಬೇಕು, ಆಗಲೇ ಅದು ಬೆರೆತ ಪೆಟ್ರೋಲ್ ಇಂಜೆಕ್ಟರ್‌ವರೆಗೆ ತಲುಪುತ್ತದೆ. ನಾನು ಹೇಳುವುದಾದರೆ ಮನೆಗೆ ಬರುವ ದಾರಿಯ ಕೊನೆಯ ಬಂಕ್‌ನಲ್ಲಿ ಮೊದಲು ಸ್ಟೆಬಿಲೈಸರ್ ಸುರಿದು ಅದರ ಮೇಲೆ ಪೆಟ್ರೋಲ್ ತುಂಬಿಸಿ; ಬೆರೆಯುವ ಕೆಲಸವೂ ಓಡಿಸುವ ಕೆಲಸವೂ ಒಟ್ಟಿಗೆ ಮುಗಿಯುತ್ತದೆ.

ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗೆ ಇನ್ನೊಂದು ಹೆಜ್ಜೆ ಉಂಟು. ಟ್ಯಾಂಕ್ ತುಂಬಿರಲಿ, ಆದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬ್ಯುರೇಟರ್‌ನ ಫ್ಲೋಟ್ ಬೌಲ್‌ನಲ್ಲಿ ಉಳಿದದ್ದನ್ನು ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಹೊರಬಿಡಿ. ಬೌಲ್‌ನಲ್ಲಿರುವುದು ಬಹಳ ಕಡಿಮೆ ಪೆಟ್ರೋಲ್, ಅದು ಆರಿದಾಗ ಕಂದು ಬಣ್ಣದ ಅಂಟು ಉಳಿಯುತ್ತದೆ. ಐಡಲ್ ಜೆಟ್‌ನ ತೂತು ಅರ್ಧ ಮಿಲಿಮೀಟರ್ ಆಸುಪಾಸಿನದು. ತೆಳ್ಳನೆಯ ಒಂದು ಪದರ ಕಟ್ಟಿದರೂ ವಸಂತದಲ್ಲಿ ಎಂಜಿನ್ ಐಡಲ್‌ಗೆ ನಿಲ್ಲುವುದಿಲ್ಲ, ಕಾರ್ಬ್ಯುರೇಟರ್ ಬಿಚ್ಚಿ ತೊಳೆಯದೆ ಬೇರೆ ದಾರಿಯಿಲ್ಲ.

ತಪ್ಪು ಕಲ್ಪನೆ: ಆಯಿಲ್ ಚೇಂಜ್ ವಸಂತದಲ್ಲಿ ಮಾಡಿದರಾಯಿತು, ಹೊಸ ಆಯಿಲ್ ಸುಮ್ಮನೆ ಕೂರುವುದೇಕೆ

ಓಡಿದ ಆಯಿಲ್‌ನಲ್ಲಿ ಇಂಧನ ಉರಿದಾಗ ಹುಟ್ಟಿದ ಆಮ್ಲಗಳಿರುತ್ತವೆ, ತೇವ ಇರುತ್ತದೆ, ಸುಡದ ಪೆಟ್ರೋಲ್ ಇರುತ್ತದೆ. ಅದರಲ್ಲಿ ಬೇರಿಂಗ್‌ಗಳನ್ನು ಐದು ತಿಂಗಳು ನೆನೆಹಾಕಿ ಇಡುವುದಕ್ಕಿಂತ ಹೊಸ ಆಯಿಲ್‌ನಲ್ಲಿ ಇಡುವುದು ಎಷ್ಟೋ ಮೇಲು. ಎಂಜಿನ್ ಬಿಸಿಯಿರುವಾಗಲೇ ಹಳೆಯದನ್ನು ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿ ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿ. ಗ್ಯಾರೇಜಿನಲ್ಲಿ ನಿಂತ ಮಾತ್ರಕ್ಕೆ ಹೊಸ ಆಯಿಲ್ ಕೆಡುವುದಿಲ್ಲ, ವಸಂತದಲ್ಲಿ ಮತ್ತೆ ಬದಲಿಸುವ ಅಗತ್ಯವೂ ಇಲ್ಲ. ಬ್ರೇಕ್ ಆಯಿಲ್ ಹಾಕಿ ಎರಡು ವರ್ಷ ಕಳೆದಿದ್ದರೆ ಅದನ್ನೂ ಈಗಲೇ ಬದಲಿಸಿ. ಡಾಟ್ 4 ತೇವ ಹೀರುವ ಗುಣದ್ದು, ಹೀರಿದ ನೀರು ಕ್ಯಾಲಿಪರ್‌ನೊಳಗೆ ತುಕ್ಕಿಗೆ ದಾರಿ ಮಾಡುತ್ತದೆ.

ತಪ್ಪು ಕಲ್ಪನೆ: ಕೂಲಂಟ್ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು, ನೀರು ಬೆರೆಸಲೇಬಾರದು

ಚಳಿ ನೇರವಾಗಿ ಎಂಜಿನ್ ಒಡೆಯಬಲ್ಲ ಜಾಗ ಇದೊಂದೇ. ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗುತ್ತದೆ. ರೇಡಿಯೇಟರ್‌ನಲ್ಲಿ ಬರಿಯ ನೀರಿದ್ದರೆ ಸಿಲಿಂಡರ್ ಬ್ಲಾಕ್ ಸೀಳಬಹುದು. ಬೇಸಿಗೆಯಲ್ಲಿ ದಾರಿ ಮಧ್ಯೆ ನಲ್ಲಿ ನೀರು ಸುರಿದು ಮರೆತವರು, ರೇಸ್ ಟ್ರ್ಯಾಕ್‌ಗೆಂದು ಕೂಲಂಟ್ ತೆಗೆದು ನೀರು ತುಂಬಿದವರು ಮೊದಲು ನೋಡಬೇಕಾದ್ದು ಇದನ್ನೇ.

ಹಾಗೆಂದು ಬರಿಯ ಎಥಿಲೀನ್ ಗ್ಲೈಕಾಲ್ ತುಂಬಿದರೂ ತಪ್ಪು. ಅದು ಒಂಟಿಯಾಗಿ ಮೈನಸ್ 13 ಡಿಗ್ರಿ ಆಸುಪಾಸಿಗೇ ಗಟ್ಟಿಯಾಗುತ್ತದೆ. ಡಿಸ್ಟಿಲ್ಡ್ ವಾಟರ್ ಜತೆ ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 37ರವರೆಗೂ ದ್ರವವಾಗಿಯೇ ಉಳಿಯುತ್ತದೆ. ನೀರು, ಗ್ಲೈಕಾಲ್ ಎರಡೂ ಒಂದನ್ನೊಂದು ಹರಳುಗಟ್ಟದಂತೆ ತಡೆಯುವುದರಿಂದ ಹೀಗಾಗುತ್ತದೆ. ಆಟೊ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೂಲಂಟ್ ಟೆಸ್ಟರ್‌ನಿಂದ ಒಂದು ನಿಮಿಷದಲ್ಲಿ ಅಳೆಯಬಹುದು. ರಾಯಲ್ ಎನ್‌ಫೀಲ್ಡ್‌ನ 350, 650 ಎಂಜಿನ್ ಇದ್ದವರಿಗೆ ಈ ಚಿಂತೆಯೇ ಇಲ್ಲ, ಅವುಗಳಲ್ಲಿ ಕೂಲಂಟ್ ಇರುವುದಿಲ್ಲ. ಹಿಮಾಲಯನ್ 450 ಇದ್ದವರು ನೋಡಿಕೊಳ್ಳಬೇಕು. ಕೂಲಂಟ್ ನೆಲಕ್ಕೆ ಚೆಲ್ಲಿದರೆ ಕೂಡಲೇ ಒರೆಸಿ ತೊಳೆಯಿರಿ. ಗ್ಲೈಕಾಲ್ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಸಾಯುತ್ತವೆ.

ತಪ್ಪು ಕಲ್ಪನೆ: ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಸುತ್ತಿದರೆ ತೇವ ತಾಗದು

ಹೊರಗಿನ ತೇವ ಒಳಗೆ ಬರದು, ಒಳಗಿನದು ಹೊರಗೂ ಹೋಗದು. ನೆಲದಿಂದ ಏಳುವ ತೇವ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ಬೈಕ್ ಮೇಲೆಯೇ ತೊಟ್ಟಿಕ್ಕುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ: ಸಕಲೇಶಪುರದಲ್ಲಿ ಜುಲೈ ತಿಂಗಳು ಪ್ಲಾಸ್ಟಿಕ್ ಹೊದ್ದು ನಿಂತ ಗಾಡಿಯ ಸೀಟಿಗೆ ಬೂಸ್ಟು ಬರುವುದು ಹೀಗೆಯೇ. ಗಾಳಿಯಾಡುವ ಬಟ್ಟೆಯ ಕವರ್ ತೆಗೆದುಕೊಳ್ಳಿ. ಗ್ಯಾರೇಜಿನ ಒಳಗಾದರೆ ಹಳೆಯ ಹತ್ತಿ ಬೆಡ್‌ಶೀಟ್ ಸಾಕು.

ಹೀಟರ್ ಇರುವ ಗ್ಯಾರೇಜೇ ಉತ್ತಮ ಎಂದೂ ಹೇಳಲಾಗದು. ಒಂದೇ ಸಮನೆ ತಣ್ಣಗಿರುವ ಒಣ ಶೆಡ್‌ನಲ್ಲಿ ಬೈಕ್ ಚೆನ್ನಾಗಿಯೇ ಇರುತ್ತದೆ. ದಿನಕ್ಕೆರಡು ಸಲ ಬಾಗಿಲು ತೆರೆದು, ಹಿಮ ಮೆತ್ತಿದ ಕಾರನ್ನು ತಂದು ನಿಲ್ಲಿಸಿ, ಅದು ಕರಗಿ ನೆಲವೆಲ್ಲ ಉಪ್ಪುನೀರಾಗುವ ಬೆಚ್ಚಗಿನ ಗ್ಯಾರೇಜ್ ಅದಕ್ಕಿಂತ ಕೆಟ್ಟದು. ರಸ್ತೆಗೆ ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ತಾನೇ ಎಳೆದುಕೊಂಡು ಒದ್ದೆಯಾಗಿಯೇ ಇರುತ್ತದೆ. ಹತ್ತಿರ ಕಾರು ನಿಲ್ಲುವುದಾದರೆ ಬೈಕನ್ನು ಹಲಗೆಯ ಮೇಲೆ ನಿಲ್ಲಿಸಿ. ಯಾವ ಗ್ಯಾರೇಜೇ ಆಗಲಿ, ಒಳಗಿಡುವ ಮುನ್ನ ತೊಳೆದು, ಸ್ವಲ್ಪ ಓಡಿಸಿ ಪೂರ್ತಿ ಒಣಗಿಸಬೇಕು.

ತಪ್ಪು ಕಲ್ಪನೆ: ಟೈರ್‌ನ ಗಾಳಿ ಸ್ವಲ್ಪ ಇಳಿಸಿ ಇಡಬೇಕು

ಬೇಡ. ಉಷ್ಣಾಂಶ ಸುಮಾರು 5–6 ಡಿಗ್ರಿ ಇಳಿದಾಗಲೆಲ್ಲ ಒಂದು ಪಿಎಸ್‌ಐ ತಾನಾಗಿಯೇ ಇಳಿಯುತ್ತದೆ. 20 ಡಿಗ್ರಿಯಲ್ಲಿ ತುಂಬಿದ ಟೈರ್ ಮೈನಸ್ 15ಕ್ಕೆ ಬರುವಾಗ ಆರು ಪಿಎಸ್‌ಐ ಕಳೆದುಕೊಂಡಿರುತ್ತದೆ. ಟೈರ್‌ನ ಮೇಲೆ ಬರೆದಿರುವ ಗರಿಷ್ಠ ಮಿತಿ ಮೀರದಂತೆ ಸ್ವಲ್ಪ ಹೆಚ್ಚೇ ತುಂಬಿಸಿ. ಸೆಂಟರ್ ಸ್ಟ್ಯಾಂಡ್ ಅಥವಾ ಪ್ಯಾಡಾಕ್ ಸ್ಟ್ಯಾಂಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತಿಂಗಳಿಗೊಮ್ಮೆ ಗಾಡಿಯನ್ನು ಅರ್ಧ ಅಡಿ ಮುಂದೆ ತಳ್ಳಿ.

ತಪ್ಪು ಕಲ್ಪನೆ: ಚೈನ್‌ಗೆ ಡಬ್ಲ್ಯುಡಿ-40 ಹೊಡೆದರೆ ಮುಗಿಯಿತು

ಅದು ನೀರನ್ನು ಓಡಿಸುತ್ತದೆ, ಆದರೆ ಉಳಿಯುವುದಿಲ್ಲ. ಚೈನ್ ತೊಳೆದು ಒರೆಸಿ, ಚೈನ್ ಲ್ಯೂಬ್ ಅನ್ನೇ ಹಚ್ಚಿ.

ತಪ್ಪು ಕಲ್ಪನೆ: ಗ್ಯಾರೇಜ್ ಬಾಗಿಲು ಭದ್ರವಾಗಿದೆ, ಇಲಿ ಬರುವುದಿಲ್ಲ

ಚಿಕ್ಕಿಲಿಗೆ ಪೆನ್ಸಿಲ್ ದಪ್ಪದ ಸಂದಿ ಸಾಕು. ಚಳಿಗೆ ಅದು ಹುಡುಕುವುದು ಕತ್ತಲ, ಬೆಚ್ಚಗಿನ, ಯಾರೂ ಅಲುಗಾಡಿಸದ ಮೂಲೆ. ಏರ್ ಫಿಲ್ಟರ್ ಡಬ್ಬಿ ಅದಕ್ಕೆ ಹೇಳಿ ಮಾಡಿಸಿದ ಮನೆ, ಫಿಲ್ಟರ್ ಕಾಗದ ಹಾಸಿಗೆ, ವೈರಿಂಗ್‌ನ ಹೊದಿಕೆ ಹಲ್ಲಿಗೆ ಕೆಲಸ. ಎಂಜಿನ್ ಪೂರ್ತಿ ತಣಿದ ಮೇಲೆ ಸೈಲೆನ್ಸರ್ ಬಾಯಿಗೂ ಗಾಳಿ ಒಳಹೋಗುವ ಕೊಳವೆಗೂ ಎದ್ದು ಕಾಣುವ ಬಣ್ಣದ ಬಟ್ಟೆ ತುರುಕಿ, ಹಾಗೆ ಮಾಡಿದ್ದನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಕಟ್ಟಿ. ಐದು ತಿಂಗಳ ನಂತರ ಅದು ನೆನಪಿನಲ್ಲಿರುತ್ತದೆ ಎಂದು ನಂಬಬೇಡಿ. ಗ್ಯಾರೇಜಿನಲ್ಲಿ ನಾಯಿಯ ಆಹಾರ, ಹಕ್ಕಿಗಳ ಕಾಳು ಇಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ.

ತಪ್ಪು ಕಲ್ಪನೆ: ಓಡಿಸದ ಗಾಡಿಗೆ ವಿಮೆ ಏಕೆ

ಕಳವು, ಬೆಂಕಿ, ಮೇಲೆ ಬೀಳುವ ಛಾವಣಿ ಯಾವುದೂ ಋತು ನೋಡಿ ಬರುವುದಿಲ್ಲ. ಕೆನಡಾ, ಅಮೆರಿಕದ ಕೆಲವು ಕಂಪನಿಗಳು ಚಳಿಗಾಲದಲ್ಲಿ ಅಪಘಾತದ ಭಾಗ ಕೈಬಿಟ್ಟು ಕಳವು, ಬೆಂಕಿಯ ಭಾಗವನ್ನು ಮಾತ್ರ ಉಳಿಸಿಕೊಳ್ಳಲು ಬಿಡುತ್ತವೆ, ಕೇಳಿ ನೋಡಿ. ಜರ್ಮನಿಯಲ್ಲಿ 1997ರಿಂದ ಋತು ನಂಬರ್ ಪ್ಲೇಟ್ ಇದೆ. ಪ್ಲೇಟಿನ ಬಲಗಡೆ 03, 10 ಎಂದು ಒಂದರ ಕೆಳಗೊಂದು ಇದ್ದರೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಆ ಗಾಡಿ ರಸ್ತೆಗಿಳಿಯಬಹುದು, ತೆರಿಗೆ ವಿಮೆಗಳೂ ಆ ತಿಂಗಳುಗಳಿಗಷ್ಟೆ. ಉಳಿದ ತಿಂಗಳು ಅದನ್ನು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವುದೂ ತಪ್ಪು. ಹೊಸದಾಗಿ ಹೋದವರು ಬೈಕ್ ಓಡಿಸದಿದ್ದರಾಯಿತು ಎಂದುಕೊಂಡು ಮನೆ ಮುಂದಿನ ರಸ್ತೆಯಲ್ಲಿ ಬಿಟ್ಟು ದಂಡ ತೆರುತ್ತಾರೆ.

ತಪ್ಪು ಕಲ್ಪನೆ: ಬಿಸಿಲು ಬಿದ್ದ ಮೊದಲ ಭಾನುವಾರವೇ ಹೊರಡಬಹುದು

ಒಂದೆರಡು ಜೋರು ಮಳೆಯಾಗಿ ರಸ್ತೆ ತೊಳೆದುಹೋಗಲಿ. ಅಲ್ಲಿಯವರೆಗೆ ಉಪ್ಪಿನ ಪುಡಿ ಅಲ್ಲೇ ಇರುತ್ತದೆ, ತಿರುವುಗಳಲ್ಲಿ ಹಿಡಿತಕ್ಕೆಂದು ಚೆಲ್ಲಿದ ಮರಳೂ ಹಾಗೇ ಉಳಿದಿರುತ್ತದೆ. ಹೊರಡುವ ಮುನ್ನ ಟೈರ್‌ನ ಗಾಳಿ ಸರಿಯಾದ ಮಟ್ಟಕ್ಕೆ ತನ್ನಿ, ಬ್ರೇಕ್ ಹಿಡಿದು ಗಟ್ಟಿತನ ನೋಡಿ, ಗಾಡಿಯಡಿ ಸೋರಿದ ಗುರುತಿದೆಯೇ ಎಂದು ಬಗ್ಗಿ ನೋಡಿ. ಡಿಸ್ಕ್ ಮೇಲಿನ ತೆಳು ತುಕ್ಕು ನಾಲ್ಕಾರು ಸಲ ಮೆಲ್ಲಗೆ ಬ್ರೇಕ್ ಹಿಡಿದರೆ ಉಜ್ಜಿಹೋಗುತ್ತದೆ. ಅಡ್ಡರಸ್ತೆಗಳಲ್ಲಿ ಮೊದಲ ಕೆಲವು ದಿನ ವಿಶೇಷ ಎಚ್ಚರವಿರಲಿ: ಐದು ತಿಂಗಳಿಂದ ಬೈಕ್ ಕಾಣದ ಕಾರಿನವರು ಕನ್ನಡಿಯಲ್ಲಿ ನಿಮ್ಮನ್ನು ಹುಡುಕುವುದಿಲ್ಲ.